ಅದೇ ಗಡ್ಡೆ, ಅದೇ ಜಾಗ

ಕನಕಪುರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಇಬ್ಬರು ಹೆಂಗಸರ ಮಡಿಲಲ್ಲೂ ಸ್ಕ್ಯಾನಿಂಗ್ ಕವರಿತ್ತು. ಬೆಳಿಗ್ಗೆ ಆಸ್ಪತ್ರೆಯಲ್ಲಿ, ಒಂದೇ ಡಾಕ್ಟರ ಬಾಗಿಲಲ್ಲಿ ಪರಿಚಯವಾದವರಂತೆ. ದೊಡ್ಡವರು ಹೇಳುತ್ತಿದ್ದರು:

"ಹಣೆ ಹಿಂದೆ ನಿಂಬೆಹಣ್ಣಿನ ಗಾತ್ರದ ಗಡ್ಡೆ ಕಣವ್ವ. ತೆಗುಸುದ್ಮೇಲೆ ನಮ್ಮೋರು ಹಸುಗೂಸಿನಂಗವ್ರೆ."

"ಮುಂಚೆ?"

"ಸ್ವಂತ ತಮ್ಮನ ತಲೆ ಒಡ್ದು ಜೈಲ್ಗೂ ಹೋಗಿದ್ರು. ಆ ಗಡ್ಡೆನೇ ಹಂಗ್ ಮಾಡ್ಸಿರಬೌದು ಅಂತಾರೆ ಡಾಕ್ಟ್ರು."

"ಅಬ್ಬಾ! ಒಂದ್ ಗಡ್ಡೆ ಮನುಸನ್ನೇ ಬದಲಾಯಿಸ್ಬುಡ್ತದಾ ಅಕ್ಕ?"

"ನಿಮ್ಮ ಯಜಮಾನ್ರದು?"

"ಅದೇ ಗಡ್ಡೆ, ಅದೇ ಜಾಗ. ಆದ್ರೆ ಅವ್ರು ಯಾರ್ ಮೇಲೂ ಕೈ ಎತ್ಲಿಲ್ಲ. ಸುಮ್‌ಸುಮ್ನೆ ನಗೋರು, ಅಷ್ಟೇಯ. ಇನ್ನೂ ಆಸ್ಪತ್ರೇಲೇ ಅವ್ರೆ."

ದೊಡ್ಡವರು ಅವಳ ಕಡೆ ತಿರುಗಿದರು.

"ಹಂಗಾರೆ ತಲೆ ಒಡ್ದಿದ್ದು ಗಡ್ಡೆನಾ, ನಮ್ಮೋರಾ?"

"ಡಾಕ್ಟ್ರಿಗೂ ಪೂರ್ತಿ ಗೊತ್ತಿಲ್ವಂತೆ ಅಕ್ಕ. ನಿಮ್ಮ ಮೈದುನ ಏನಂತಾರೆ?"

"ಲೋಕೇಶನಾ? ಸ್ಕ್ಯಾನ್ ಫೋಟೋನ ಬಿಸ್ಲಿಗೆ ಹಿಡ್ದು ಬೋ ಹೊತ್ತು ನೋಡ್ದ. 'ಇಷ್ಟೇನಾ ಅತ್ಗೆ' ಅಂದ. ಆವತ್ತಿಂದ ಅಣ್ಣನ್ನ ಆಸ್ಪತ್ರೆಗೆ ಅವ್ನೇ ಕರ್ಕೊಂಡ್ ಬತ್ತಾನೆ."

"ತಲೆ ಒಡುಸ್ಕೊಂಡೋರೇ!"

"ಹೂಂ ಕಣವ್ವ. ನಂಗೂ ನಂಬಕ್ಕಾಗಲ್ಲ. ಅಗೋ, ಅಣ್ಣ ತಮ್ಮ ಇಬ್ರೂ ಬಂದ್ರು."

ಟೀ ಅಂಗಡಿ ಕಡೆಯಿಂದ ಇಬ್ಬರು ಗಂಡಸರು ಬಂದರು. ಬಸ್ಸು ನಿಂತಾಗ ಕಿರಿಯವನು ಹಿರಿಯವನ ಮೊಳಕೈ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿಸಿದ. ಹೆಂಗಸರಿಬ್ಬರೂ ಅವರ ಹಿಂದೆ ಹತ್ತಿದರು.