ಕಾವಲಿನವನು ಬಾಯಿ ಬಿಡಬಾರದು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಮ್ಮ ಪಕ್ಕದ ಮನೆಯ ರಾದಾಮೆಸ್‌ಗೇ ಆದದ್ದು.

ಅವತ್ತು ಅವನು ಓಸಾಮಾ ನದಿಯ ಸೇತುವೆ ದಾಟಿ, ದಂಡೆಯ ಹಳೇ ಬೂರುಗದ ಮರದ ಹತ್ತಿರ ಬಂದಾಗ ಸರಿರಾತ್ರಿ. ಕರೆಂಟು ಹೋಗಿತ್ತು. ಸಾಂತೊ ದೊಮಿಂಗೊದಲ್ಲಿ ಅದೇನು ಹೊಸದಲ್ಲ ಬಿಡಿ. ಹಿಂದಿನಿಂದ ಸದ್ದು... ಪಚಕ್. ಪಚಕ್. ನೀರು ತುಂಬಿದ ಬೂಟಿನ ಸದ್ದು. ಇವನು ನಿಂತರೆ ಅದೂ ನಿಲ್ಲುತ್ತಿತ್ತು. ಮಳೆ ಬಿದ್ದು ತಿಂಗಳಾಗಿತ್ತು.

ಕುಡಿದಿದ್ದ ರಮ್ಮೆಲ್ಲ ಜರ್ರನೆ ಇಳಿಯಿತು. ಯಾಕೆಂದರೆ ಸಂಜೆ ಕೇಳಿದ ಆ ಸದ್ದು ಮರೆತುಹೋಗಲಿ ಅಂತಲೇ ಅವನು ಕುಡಿದಿದ್ದ.

ರಾದಾಮೆಸ್ ಸಿಪಾಯಿ. ಮೊದಲು ಇಗರ್ಜಿಯಾಗಿದ್ದು ಈಗ ದೇಶದ ವೀರರ ಸಮಾಧಿ ಮಂದಿರವಾಗಿದೆಯಲ್ಲ, ಅಲ್ಲಿ ಕಾವಲು. ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡುವಂತಿಲ್ಲ, ಯಾರು ಏನು ಕೇಳಿದರೂ ಬಾಯಿ ಬಿಡುವಂತಿಲ್ಲ. ಅವನು ನಿಲ್ಲುತ್ತಿದ್ದದ್ದು ಒಬ್ಬ ಜನರಲ್‌ನ ಗೋರಿಯ ಪಕ್ಕ. ಸರ್ವಾಧಿಕಾರಿಯ ಕಾಲದಲ್ಲಿ ಹುಡುಗರನ್ನು ಕೊಲ್ಲಿಸಿ ಸಮುದ್ರಕ್ಕೆ ಎಸೆಸಿದ ಪುಣ್ಯಾತ್ಮ ಅವನು. ಗಾಳಿ ತಿರುಗಿದಾಗ ಗೆದ್ದೆತ್ತಿನ ಬಾಲ ಹಿಡಿದ. ಸತ್ತ ಮೇಲೆ ವೀರನಾದ. ಥೂ!

ಆ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಒಬ್ಬ ತರುಣ ಒಳಗೆ ಬಂದನಂತೆ. ಪಚಕ್... ಪಚಕ್... ಅಂಗಿಯ ಅಂಚಿನಿಂದ ತೊಟ್... ತೊಟ್... ಗೋರಿಯ ಮೇಲಿನ ಹೆಸರನ್ನು ಬೆರಳಿಟ್ಟು ಓದಿದ. ಆಮೇಲೆ ರಾದಾಮೆಸ್‌ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ.

“ಇವನಿಗೆ ಜಾಗ ಸಿಕ್ತು. ನಾನೆಲ್ಲಿ ಮಲಗ್ಲಿ, ತಮ್ಮಾ?”

ರಾದಾಮೆಸ್ ಮಿಸುಕಲಿಲ್ಲ. ಕಣ್ಣು ಹೊರಳಿಸಿ ನೋಡುವಷ್ಟರಲ್ಲಿ ಯಾರೂ ಇರಲಿಲ್ಲ.

ಈಗ ಬೂರುಗದ ಮರದಿಂದ ಒಂದೇ ಉಸಿರಿಗೆ ಮನೆಗೆ ಓಡಿದ. ಅಜ್ಜಿ ಎದುವಿಹಿಸ್ ಬೆಂದ ಬಾಳೆಕಾಯಿ ಮುಚ್ಚಿಟ್ಟು ಕಾಯುತ್ತಿದ್ದಳು. ಅವಳ ಅಣ್ಣ ಎವಾರಿಸ್ತೊನನ್ನು ಸಮುದ್ರಕ್ಕೆ ಎಸೆಸಿದ್ದು ಅದೇ ಜನರಲ್. ಹೆಣ ಸಿಗಲಿಲ್ಲ. ಸತ್ತವರಿಗೆ ಮಾಡುವ ಒಂಬತ್ತು ರಾತ್ರಿಯ ಪ್ರಾರ್ಥನೆಯನ್ನೂ ಅವನಿಗೆ ಮಾಡಲಿಲ್ಲ. ಮಾಡಿದರೆ ಸತ್ತ ಅಂತ ಒಪ್ಪಿಕೊಂಡಂತೆ, ನನ್ನ ಮಗ ಬಂದೇ ಬರುತ್ತಾನೆ ಅಂತ ಅವರ ತಾಯಿ ಹಟ ಹಿಡಿದಿದ್ದಳು.

ಎಲ್ಲ ಕೇಳಿ ಅಜ್ಜಿ ಮೆಲ್ಲಗೆ ಅಂದಳು, “ನೋಡೋಕೆ ಹೇಗಿದ್ದ?”

“ಎಡಗಿವಿ... ಅರ್ಧ ಇರ್ಲಿಲ್ಲ, ಅಜ್ಜಿ.”

“ಚಿಕ್ಕೋನಿದ್ದಾಗ ನಾಯಿ ಕಚ್ಚಿತ್ತು.” ಅವಳು ಎದ್ದು ನಿಂತಳು. “ನೀನೇನಂದೆ?”

“ಕಾವಲಿನವ್ರು ಮಾತಾಡೋ ಹಾಗಿಲ್ವಲ್ಲ.”

“ಹೂಂ. ಪೊಲೀಸ್ರು, ಪಾದ್ರಿ, ಮಂತ್ರಿ... ಎಲ್ರನ್ನೂ ಕೇಳಿದ್ವಿ. ಒಬ್ರೂ ಬಾಯಿ ಬಿಡ್ಲಿಲ್ಲ. ಈಗ ಮನೆಮಗನನ್ನೇ ಕೇಳ್ದ. ನೀನೂ ಕಲ್ಲಾಗಿ ನಿಂತೆ.”

ಅವಳೇ ಹೋಗಿ ಬಾಗಿಲು ತೆರೆದಳು. “ಅಣ್ಣಾ... ಬಾರೋ, ಇಲ್ಲಿ ಮಲ್ಕೋ.”

ಕತ್ತಲಲ್ಲಿ ಪಚಕ್ ಅಂತ ಒಂದು ಹೆಜ್ಜೆ. ಆಮೇಲೆ ಇನ್ನೊಂದು, ದೂರ... ಸೇತುವೆಯ ಕಡೆಗೆ.

ಬೆಳಗ್ಗೆ ಜನರಲ್‌ನ ಗೋರಿಯ ಬುಡದಲ್ಲಿ ಅಮೃತಶಿಲೆ ಒದ್ದೆಯಾಗಿತ್ತು. ಒಬ್ಬ ಆಳು ಮುದುಡಿ ಮಲಗುವಷ್ಟು ಜಾಗ. ಒರೆಸಿದರು, ಮತ್ತೆ ಒದ್ದೆ. ನಾಲಿಗೆಗೆ ಹಚ್ಚಿದರೆ ಉಪ್ಪು. ರಾದಾಮೆಸ್ ಆವತ್ತೇ ಕೆಲಸ ಬಿಟ್ಟ. ಅಜ್ಜಿ ಒಂಬತ್ತು ರಾತ್ರಿ ಪ್ರಾರ್ಥನೆ ಮಾಡಿಸಿದಳು, ಬಂದವರಿಗೆಲ್ಲ ಕುರ್ಚಿ ಹೊತ್ತವನು ನಾನೇ. ಆದರೂ ಗೋರಿಯ ಬುಡದ ಆ ಕಲ್ಲು ಒಣಗಲಿಲ್ಲ.

ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ. ಸರ್ಕಾರದ ದೊಡ್ಡವರು ಬಂದು ನೋಡಿ ಅದರ ಮೇಲೊಂದು ಕೆಂಪು ಜಮಖಾನ ಹಾಸಿಸಿದ್ದಾರೆ. ತಳ ಕೊಳೆತಾಗಲೆಲ್ಲ ಹೊಸದು ಹಾಸುತ್ತಾರೆ.