ಎರಡನೇ ಸೂಜಿ

...ಅಲ್ಲಬೇ, ಮೊದಲನೇ ಸೂಜಿ ಸಲೀಸ ಆಗಿತ್ತ, ನನ್ನ ಗೋಳ ಹೊಯ್ಕೊಂಡದ್ದ ಎರಡನೇದು. ಕೊರೋನಾದ ಮೊದಲನೇ ವರ್ಷ, ಅಲ್ಲಲ್ಲ, ಎರಡನೇ ವರ್ಷ ಅದು. ಈ ಪಿಂಕಿ, ಇಲ್ಲೇ ಕುಂತಾಳಲ್ಲ, ಇಕಿ ಮಿರಜದಾಗ ದಿನಾ ತುಂಬೂಕಿಂತ ಮೊದಲ ಹುಟ್ಟಿದ್ಲ. ಅಂಗೈಯಾಗ ಹಿಡಿಯುವಷ್ಟ ಇದ್ಲ ನೋಡ. ನನ್ನ ಮಗಳ ಸುನಂದಾಗ ಅತ್ತಿ ಇಲ್ಲ, ಬಾಣಂತನ ಮಾಡವ್ರ ಯಾರ? ನಾ ಇಲ್ಲಿ ಹಾರೂಗೇರಿಯಾಗ. ಕೂಸಿನ ಮುಟ್ಟವ್ರಿಗೆ ಎರಡೂ ಸೂಜಿ ಆಗಿರಬೇಕಂತ ಅಲ್ಲಿ ಡಾಕ್ಟರ್ ಹೇಳಿದ್ರಂತ. ಮಹಾರಾಷ್ಟ್ರದ ಗಡಿಗೆ ಕಾಗವಾಡ ನಾಕಾದಾಗ ಪೊಲೀಸರೂ ಅದನ್ನ ಕೇಳತಿದ್ರ.

ಮೂರ ಸಲ ದವಾಖಾನಿಗೆ ಹೋದೆ. ಸ್ಟಾಕ್ ಇಲ್ಲ, ನಾಳೆ ಬರ್ರಿ. ಸೂಜಿಗಿಂತ ಮೊದಲ ಬ್ಯಾನರ್ ಬಂದಿತ್ತ, ಎಲ್ಲಾರಿಗೂ ಪುಕಟ ಲಸಿಕೆ ಕೊಟ್ಟೇವಿ ಅಂತ, ಕೈ ಮುಗದ ನಕ್ಕೋತ ನಿಂತ ಸಾಹೇಬ್ರ ಫೋಟೋ. ಹೆಸರ ಹೇಳೂದಿಲ್ಲವಾ ನಾ. ಬ್ಯಾನರ್ ದೊಡ್ಡದಿತ್ತ, ಅದರ ನೆರಳಿಗೆ ಪಾಳಿ ಹಚ್ಚಿದ್ವಿ, ಅಷ್ಟ ಉಪಕಾರ.

ಒಂದಿನ ಸಂಜಿಕ ಎಮ್ಮಿ ಹಿಂಡಾಕತ್ತಿದ್ದೆ. ನಿಮ್ಮಜ್ಜ ಫೋನ್ ಹಿಡಕೊಂಡ ಬಂದ್ರ. ಅಭಿನಂದನೆಗಳು, ನಿಮ್ಮ ಎರಡನೇ ಡೋಸ್ ಆಗೇತಿ ಅಂತ ಮೆಸೇಜ್! ಯಾವಾಗ ಹೋಗಿದ್ದಿ, ನನಗ ಹೇಳಲೇ ಇಲ್ಲ ಅಂತ ನನ್ನ ಮ್ಯಾಲೇ ಸಿಟ್ಟ. ಸೂಜಿ ಚುಚ್ಚದನ ಮೆಸೇಜ್ ಬಂದೈತಿ ಅಂತ ಆಮ್ಯಾಲ ತಿಳೀತ. ಚೊಲೋ ಆತ, ಸರ್ಟಿಫಿಕೇಟ್ ತಗೊಂಡ ಹೋಗಿಬಿಡ ಅಂದ್ರ.

"ನಾಕಾದ ಪೊಲೀಸಗ ಕಾಗದ ಸಾಕ, ಕೂಸಿಗೆ ಸಾಕೇನ್ರಿ?" ಅಂದೆ.

ಮರದಿನ ಮತ್ತ ಹೋದೆ. ನರ್ಸಬಾಯಿ ಕಂಪ್ಯೂಟರ್ ನೋಡಿ, ಆಯಿ, ನಿಮ್ಮದ ಆಗೇತಿ, ಮತ್ತ ಕೊಡಾಕ ಬರೂದಿಲ್ಲ ಅಂದ್ಲ. ನಾ ಎರಡೂ ತೋಳ ಏರಿಸಿದೆ. "ಯಾವ ತೋಳಿಗೆ ಕೊಟ್ಟೀರಿ ಹೇಳವಾ, ಆ ತೋಳ ಮನ್ಯಾಗ ಬಿಟ್ಟ ಬಂದೇನೇನೋ." ಪಾಳ್ಯಾಗಿನವ್ರೆಲ್ಲಾ ನಕ್ರ. ಆಕಿ ನಗಲಿಲ್ಲ, ತಲಿ ಬಗ್ಗಿಸಿದ್ಲ. ಆಮ್ಯಾಲ ಸಣ್ಣಕ ಹೇಳಿದ್ಲ, ಮ್ಯಾಲಿನವ್ರಿಗೆ ಸಂಜೀ ಒಳಗ ಲೆಕ್ಕ ತುಂಬಬೇಕಿತ್ತಂತ, ಔಷಧ ಅಷ್ಟ ಬಂದಿರಲಿಲ್ಲಂತ, ಎರಡನೇ ಸೂಜಿ ಪಾಳಿ ಬಂದವ್ರ ಹೆಸರ ಸೂಜಿ ಹಾಕದನ ಬರದ್ರಂತ. ಮುಂಜಾನಿಂದ ಚಾ ಸುದ್ದಾ ಕುಡಿದಿರಲಿಲ್ಲ ಆ ಹುಡುಗಿ. ಆಕಿಗೆ ಏನ ಬೈಲಿ? ಬೈಬೇಕಾದವ್ರ ಬ್ಯಾನರದಾಗ ಇದ್ರ.

ಒಂದ ಬಾಟಲಿ ಒಡದ್ರ ಹತ್ತ ಮಂದಿಗೆ ಬರತೈತಿ, ಕಡೀಕ ಉಳದ್ರ ಚೆಲ್ಲೂದ ಅಂದ್ಲ. ಹಂಗಾದ್ರ ಉಳಿಯೂತನಕ ಕುಂದರತೇನಿ ಅಂದೆ. ಮೂರ ದಿನ ರೊಟ್ಟಿ ಕಟಗೊಂಡ ಹೋಗಿ ದವಾಖಾನಿ ಕಟ್ಟೀ ಮ್ಯಾಲ ಕುಂತೆ. ಮೂರನೇ ದಿನ ಬಾಗಲಾ ಹಾಕೂ ಹೊತ್ತಿಗೆ ಒಳಗ ಕರದ್ಲ. ಸೂಜಿ ಚುಚ್ಚಿದ್ಲ. ಎಲ್ಲಿ ಬರಕೋತಿ ಅಂತ ಕೇಳಿದೆ.

"ಬರಿಯೂದ ಮೊದಲ ಆಗೇತಲ್ಲ, ಆಯಿ" ಅಂದ್ಲ. ಆಗ ಇಬ್ರೂ ನಕ್ವಿ.

ಮೈಗೆ ಹತ್ತಲಿ ಅಂತ ಹದಿನೈದ ದಿನ ತಡದ ಮಿರಜಕ್ಕ ಹೋದೆ. ಸುನಂದಾ ಕೂಸಿನ ತಂದ ತೊಡಿ ಮ್ಯಾಲ ಹಾಕಿದ್ಲ. ಎರಡೂ ಅಂಗೈಯಾಗ ಎತ್ತಿ ಎದಿಗೆ ಹಚ್ಚಿಕೊಂಡೆ, ಅಂಜಿಕಿ ಇಲ್ಲದ.

ತಿಳೀತಿಲ್ಲೋ? ಬಡಿಸೇವಿ ಅಂತ ಬಡಿಸಿದವ್ರ ಹೇಳಿದ್ರ ಆಗೂದಿಲ್ಲವಾ, ಉಂಡವ್ರ ಹೇಳಬೇಕ. ಏಳ್ರಿ, ಕೈ ತೊಳಕೋರಿ ಹೋಗ್ರಿ.