ಅರ್ಧ ತೆರೆದ ಜಿಪ್ಪು

ಧಾರವಾಡದಿಂದ ಹುಬ್ಬಳ್ಳಿಗೆ ಹೊರಟ ಬಸ್ಸು. ನನ್ನ ಪಕ್ಕದ ಸೀಟಿನಲ್ಲಿ ನಡುವಯಸ್ಸಿನ ಗಂಡ ಹೆಂಡತಿ, ಡಾಕ್ಟರ ಹತ್ತಿರ ಹೋಗಿ ಬರುತ್ತಿದ್ದರು.

"ನಿಮ್ಮ ಚಿತ್ತ ಒಂದ ಕಡೆ ನಿಲ್ಲೂದಿಲ್ಲ, ಎಡಿಎಚ್‌ಡಿ ಐತಿ ಅಂತ ಹೋದ ವರ್ಷನ ಹೇಳಿದ್ರು. ಈಗ ಆಟಿಸಮ್ಮೂ ಐತಿ ಅಂದ್ರ ಹೆಂಗ್ರಿ?" ಎಂದಳು ಹೆಂಡತಿ.

"ಹುಟ್ಟಿದಾಗಿಂದ ಎರಡೂ ಅದಾವಂತ. ಒಂದು ಇನ್ನೊಂದನ್ನ ಮುಚ್ಚಿಟ್ಟಿತ್ತಂತ."

"ಅಡಿಗಿಮನ್ಯಾಗ ಡಬ್ಬಿ ಎಲ್ಲಾ ಒಂದ ಸಾಲಿನ್ಯಾಗ ಇರಬೇಕು ಅಂತೀರಲ್ಲ, ಅದು ಯಾವುದು?"

"ಆಟಿಸಂ."

"ಡಬ್ಬಿ ಹೊಂದಿಸ್ಕೋತ ಒಲಿ ಮ್ಯಾಲಿನ ಹಾಲು ಉಕ್ಕಿಸೋದು?"

"ಎಡಿಎಚ್‌ಡಿ."

"ನನ್ನ ತಂಗಿ ಮದವ್ಯಾಗ ಅಕ್ಕಿಕಾಳು ಬೀಳೋ ಹೊತ್ತಿಗೆ ಹೊರಗ ಓಡಿ ಹೋದ್ರಲ್ಲ?"

"ಬ್ಯಾಂಡಿನ ಸಪ್ಪಳ ತಡಕೊಳ್ಳಾಕ ಆಗಲಿಲ್ಲ."

ಆಕೆ ಅವನ ಕಡೆ ತಿರುಗಿದಳು.

"ನಿಮಗ ನಮ್ಮ ಮಂದಿ ಸೇರೂದಿಲ್ಲ ಅಂತ ತಿಳ್ಕೊಂಡಿದ್ದೆ. ಅದಕ್ಕ ಇಷ್ಟು ವರ್ಷ ಜಗಳಾ ಮಾಡೀನಿ."

"ನಿಮ್ಮ ಮಂದಿ ಛಲೋ ಅದಾರ. ಬ್ಯಾಂಡ್ ಸೇರೂದಿಲ್ಲ."

ಉಣಕಲ್ಲಿನಲ್ಲಿ ಇಬ್ಬರೂ ಇಳಿದರು. ಗಂಡ ಮತ್ತೆ ಓಡಿಬಂದು ಬಸ್ಸು ಹತ್ತಿದ.

"ಏನು ಮರತ್ರಿ?" ಆಕೆ ಕೆಳಗಿನಿಂದ ಕೇಳಿದಳು.

"ಏನೂ ಮರತಿಲ್ಲ. ಇವರ ಬ್ಯಾಗಿನ ಜಿಪ್ಪು ಅರ್ಧಾ ತೆರದೈತಿ. ಧಾರವಾಡದಿಂದ ನೋಡಾಕತ್ತೇನಿ."

ನನ್ನ ಬ್ಯಾಗಿನ ಜಿಪ್ಪನ್ನು ಪೂರ್ತಿ ಎಳೆದು, ಸಮಾಧಾನವಾಗಿ ಇಳಿದುಹೋದ.

ಬಸ್ಸು ಹೊರಟಿತು. ಅವನ ಬ್ಯಾಗು ಸೀಟಿನ ಮೇಲೆಯೇ ಇತ್ತು.